ಇಬ್ಬರಾಗಿ ಹಾರಿದ ಒಬ್ಬಳು

ವಿಮಾನ ಕಂಪನಿಯೊಂದು ಬಿಟ್ಟಿ ಟಿಕೆಟ್ ಕೊಡುತ್ತದೆ ಎಂದು ಪತ್ರಿಕೆಯಲ್ಲಿ ಓದಿದಾಗ ನಾನು ಮೊದಲು ಮಾಡಿದ ಕೆಲಸ, ಅದನ್ನು ನಂಬದೇ ಇದ್ದದ್ದು. ಅದು ನನ್ನ ಅಭ್ಯಾಸ. ಕಾಲೇಜಿನ ಐದೂ ವರ್ಷ ಚರ್ಚಾಸ್ಪರ್ಧೆಗಳಲ್ಲಿ 'ವಿಷಯಕ್ಕೆ ವಿರೋಧವಾಗಿ' ಮಾತಾಡಿ ಗೆದ್ದ ಕಪ್ಪುಗಳು ಬನಹಟ್ಟಿಯ ನಮ್ಮ ಮನೆಯ ಕಪಾಟಿನಲ್ಲಿವೆ. ಒಂದರಲ್ಲಿ ಸಾಸಿವೆ ಇದೆ, ಇನ್ನೊಂದರಲ್ಲಿ ಗುಂಡಿ-ಸೂಜಿ. ಈಗ ಜಮಖಂಡಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಕರಾರುಪತ್ರದ ಸಣ್ಣಕ್ಷರ ಓದುವುದೇ ನನ್ನ ಹೊಟ್ಟೆಪಾಡು. ಆ ಜಾಹೀರಾತಿನ ಸಣ್ಣಕ್ಷರಗಳನ್ನೂ ಮೂರು ಸಲ ಓದಿದೆ. ಎಲ್ಲಿಯೂ ತೂತಿರಲಿಲ್ಲ.

ಯೋಜನೆ ಹೀಗಿತ್ತು. ನೀವು ಹಾರಿದಷ್ಟು ದೂರವನ್ನು ಮೈಲಿಗಳೆಂದು ನಿಮ್ಮ ಹೆಸರಿಗೆ ಜಮಾ ಮಾಡುತ್ತಾರೆ. ಹಿಂದೆ ಕೂತವರಿಗೆ ಒಂದು ಪಟ್ಟು, ಮುಂದೆ ಪರದೆಯ ಆಚೆ ಬಿಸಿನೆಸ್ ಕ್ಲಾಸಿನಲ್ಲಿ ಕೂತವರಿಗೆ ಮೂರು ಪಟ್ಟು. ಗೋವಾದಿಂದ ಹೈದರಾಬಾದಿಗೆ ಒಂದು ತಾಸಿನ ದಾರಿ. ಅಲ್ಲಿ ಮುಂದಿನ ಸೀಟಿಗೆ ಗಿರಾಕಿಗಳಿಲ್ಲದೆ ದರ ಇಳಿಸಿದ್ದರು. ಮಾರ್ಚ್ ಮುಗಿಯುವುದರೊಳಗೆ ಮುಂದೆ ಕೂತು ಆರು ಸಲ ಹಾರಿದರೆ (ಹೋದದ್ದೊಂದು, ಬಂದದ್ದೊಂದು ಎಂದು ಲೆಕ್ಕ) ಅದೇ ದಾರಿಯಲ್ಲಿ ಇಬ್ಬರಿಗೆ ಹೋಗಿಬರುವ ಬಿಟ್ಟಿ ಟಿಕೆಟ್.

ನನಗೆ ಬೇಕಾಗಿದ್ದುದೂ ಅದೇ ದಾರಿ. ನಕ್ಷೆಯ ಮೇಲೆ ಗೋವಾ ಮತ್ತು ಹೈದರಾಬಾದಿನ ನಡುವೆ ಸ್ಕೇಲಿಟ್ಟು ಗೆರೆ ಎಳೆದರೆ ಅದು ಆಲಮಟ್ಟಿಯ ಹಿನ್ನೀರಿನ ಹತ್ತಿರವೇ ಹಾದುಹೋಗುತ್ತದೆ. ಆ ನೀರಿನ ಕೆಳಗೆ ನಮ್ಮ ಆಯಿಯ ಊರಿದೆ.

ಆಯಿ ಎಂದರೆ ನಮ್ಮವರ ಅಜ್ಜಿ. ಬೀಳಗಿ ತಾಲೂಕಿನಲ್ಲಿ ಹೊಳೆದಂಡೆಯ ಊರು ಮುಳುಗಡೆಯಾದಾಗ ಮಗ್ಗದ ಸಾಮಾನನ್ನು ಟ್ರ್ಯಾಕ್ಟರಿಗೇರಿಸಿ, ಮೊಮ್ಮಗನನ್ನು ಅದರ ಮೇಲೆ ಕೂರಿಸಿ ಬನಹಟ್ಟಿಗೆ ಬಂದವಳು. ಒಂದು ದಿನ ಅಂಗಳದಲ್ಲಿ ಹಪ್ಪಳ ಹರವುತ್ತಿದ್ದಾಗ ಮೇಲೆ ವಿಮಾನ ಹೋಯಿತು. ಆಯಿ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು.

"ಅಲ್ಲಿಂದ ನಮ್ಮೂರ ಕಾಣತಿರಬೇಕಲ್ಲಬೇ? ದಂಡಿ ಮ್ಯಾಲ ನಿಂತರ ಬರೇ ನೀರ ಕಾಣತೈತಿ. ನೆಟ್ಟಗ ಮ್ಯಾಲಿಂದ ಬಗ್ಗಿ ನೋಡಿದರ ತಳಾ ಕಂಡೀತು."

ಬಾವಿಗೆ ಬಿದ್ದ ಕೊಡ ಮೇಲಿಂದ ಬಗ್ಗಿದರೆ ಕಾಣುತ್ತದಲ್ಲ, ಆ ತರ್ಕ. ದೇವರಿಗೂ ಸಾಕ್ಷಿ ಕೇಳುವ ನಾನು ಅದೊಂದು ದಿನ ಪ್ರತಿವಾದ ಮಾಡಲಿಲ್ಲ. "ಕಾಣತೈತಿ ಆಯಿ, ನಾ ತೋರಸ್ತೀನಿ" ಎಂದುಬಿಟ್ಟೆ. ಎಂಬತ್ತು ದಾಟಿದವಳಿಗೆ ಕೊಟ್ಟ ಮಾತು. ಕೋರ್ಟಿನಂತೆ ವಾಯಿದೆ ಕೇಳಿ ಮುಂದೂಡಲು ಬರುವಂಥದ್ದಲ್ಲ.

ಅದಕ್ಕೇ ಈ ಯೋಜನೆ ಕಂಡಾಗ ನನ್ನ ಎದೆ ಉಬ್ಬಿತು. ಚರ್ಚೆಗಳಲ್ಲಿ ಗೆದ್ದ ಬಹುಮಾನದ ಹಣವೆಲ್ಲ ಬ್ಯಾಂಕಿನಲ್ಲಿ ಹಾಗೇ ಇತ್ತು. ಅದನ್ನು ತೆಗೆದು ಆಯಿಗೆ ವಿಷಯ ತಿಳಿಸಿದೆ.

"ಮೈಲಿ ಗಳಸಾಕ ಹೊಂಟೇನಿ ಆಯಿ."

"ಮೈಲಿಗಿ? ಅದನ್ನ ಗಳಸಾಕ ಗೋವಾಕ ಯಾಕ ಹೋಗಬೇಕಬೇ? ನಾಕ ದಿನ ಜಳಕಾ ಬಿಟ್ಟರ ಮನ್ಯಾಗ ಸಿಗತೈತಿ."

ನಮ್ಮವರ ವಿಚಾರಣೆ ಇನ್ನೂ ಕಠಿಣವಾಗಿತ್ತು. ಅವರು ಪವರ್‌ಲೂಮ್ ನಿಲ್ಲಿಸಿಯೇ ಕೇಳಿದರು. ಅದು ಗಂಭೀರ ಪ್ರಸಂಗಗಳಲ್ಲಿ ಮಾತ್ರ ನಡೆಯುವುದು.

"ಹೈದರಾಬಾದಿಗೆ ಹೋಗಿ ಏನ ಮಾಡಾಕಿ?"

"ಹೊಳ್ಳಿ ಬರಾಕಿ."

"ಹೊಂಟಂತೂ ಹೊಂಟಿ, ನಾಕ ಸೀರಿ ಕೊಡತೀನಿ, ಅಲ್ಲಿ ಅಂಗಡ್ಯಾವರಿಗೆ ತೋರಿಸಿ ಬಾ."

"ಊರಾಗ ಹೋಗಂಗಿಲ್ರಿ. ವಿಮಾನ ಇಳದು, ಸುತ್ತ ಹಾಕಿ, ಅದ ವಿಮಾನ ಹತ್ತತೀನಿ."

ಅವರು ಮಗ್ಗದೊಳಗೆ ನಿಂತ ಲಾಳಿಯನ್ನು ಬೆರಳಿನಿಂದ ಅತ್ತಿತ್ತ ಸರಿಸಿದರು. "ನಮ್ಮ ಲಾಳಿನೂ ಹಂಗ ಹೋಗಿ ಹಂಗ ಬರತೈತಿ. ಆದರ ಅದು ಹೋಗಿ ಬಂದರ ಒಂದ ಎಳಿ ಸೀರಿಯರ ಆಗತೈತಿ" ಎಂದು ಮತ್ತೆ ಸ್ವಿಚ್ ಹಾಕಿದರು. ಆ ಸದ್ದಿನಲ್ಲಿ ನನ್ನ ಉತ್ತರ ಯಾರಿಗೂ ಕೇಳಲಿಲ್ಲ. ಬಹಳ ಒಳ್ಳೆಯ ಉತ್ತರವಾಗಿತ್ತು.

ಬಸ್ಸಿನಲ್ಲಿ ಬೆಳಗಾವಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಗೋವಾ. ಘಾಟಿನ ತಿರುವುಗಳಲ್ಲಿ ಪಕ್ಕದವರ ಮೀನಿನ ಬುಟ್ಟಿ ತೊಡೆಯ ಮೇಲೆ ಹಿಡಿದುಕೊಂಡು ಹೋದ ನಾನು, ಎರಡು ತಾಸಿನ ನಂತರ ನಮ್ಮ ಊರ ಪಂಚಾಯಿತಿ ಅಧ್ಯಕ್ಷರ ಕುರ್ಚಿಗಿಂತ ಅಗಲವಾದ ಸೀಟಿನಲ್ಲಿ ಕೂತಿದ್ದೆ. ಒಬ್ಬ ತರುಣಿ ಇಕ್ಕಳದಲ್ಲಿ ಹಿಡಿದು ಬಿಸಿ ಟವೆಲ್ ಕೊಟ್ಟಳು. ಅದು ಮುಖ ಒರೆಸಲಿಕ್ಕೆ ಎಂಬುದು ನನಗೆ ಗೊತ್ತಿತ್ತು. ಆದರೆ ನೇಕಾರರ ಮನೆಯವಳು. ಬಟ್ಟೆ ಕೈಗೆ ಬಂದರೆ ಮೊದಲು ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತೇನೆ. ಆಕೆ ವಾಪಸು ಇಸಿದುಕೊಳ್ಳಲು ಬಂದಾಗ ನಾನಿನ್ನೂ ಅಂಚಿನ ಎಳೆ ಎಣಿಸುತ್ತಿದ್ದೆ. ಇಡೀ ವಿಮಾನದಲ್ಲಿ ಒಣ ಮುಖದಿಂದ ಒದ್ದೆ ಟವೆಲ್ ಮರಳಿಸಿದವಳು ನಾನೊಬ್ಬಳೇ.

ಇಷ್ಟರವರೆಗೆ ನಾನು ಸಂದೇಹವಾದಿಯಾಗಿಯೇ ಇದ್ದೆ. ಎಡಗಡೆ ಕಿಟಕಿಯಲ್ಲಿ ನಮ್ಮ ಜಿಲ್ಲೆ ಬರುವ ತನಕ.

ಬಸ್ಸಿನಲ್ಲಿ ಅರ್ಧ ದಿನ ಧೂಳು ತಿಂದು ದಾಟುವ ನೆಲ, ಒಂದು ಗ್ಲಾಸು ಮೋಸಂಬಿ ರಸ ಮುಗಿಯುವುದರೊಳಗೆ ಹಾದುಹೋಗುತ್ತಿತ್ತು. ಕಬ್ಬಿನ ಹಸಿರು ಚೌಕಗಳು, ನಡುವೆ ಉಗುರಿನಷ್ಟು ಊರುಗಳು. ಆಮೇಲೆ ನೀರು. ಯಾರೋ ಹಸಿ ಸೀರೆಯನ್ನು ಬಿಚ್ಚಿ ಒಣಹಾಕಿದ್ದಾರೆ, ಸೆರಗು ಹೊಲಗಳ ಮೇಲೆ ಎಲ್ಲೆಂದರಲ್ಲಿ ಬಿದ್ದಿದೆ. ಆಚೆ ತುದಿಗೆ ಅಣೆಕಟ್ಟು, ತೆಳುವಾದ ಬಿಳಿ ಅಂಚು. ಅಷ್ಟು ಸಣ್ಣ ಅಂಚು ಅಷ್ಟು ದೊಡ್ಡ ನೀರನ್ನು ಹಿಡಿದು ನಿಂತಿತ್ತು. ತಳ ಕಾಣಲಿಲ್ಲ. ಆದರೆ ಬೇಸಿಗೆಗೆ ನೀರು ಹಿಂದೆ ಸರಿದ ಕಡೆ ಕಂದು ನೆಲ ಎದ್ದಿತ್ತು. ಅದರ ಮೇಲೆ ಹಳೆಯ ರಸ್ತೆಯೊಂದರ ಬಿಳಿ ಗೆರೆ ನೆಟ್ಟಗೆ ಬಂದು, ಎಲ್ಲಿಯೂ ನಿಲ್ಲದೆ, ನೀರಿನೊಳಗೆ ನಡೆದುಹೋಗಿತ್ತು. ನಾನು ಬಾಯಿ ತೆರೆದದ್ದು ಮುಚ್ಚಲಿಲ್ಲ. ವಾದವೇ ಇಲ್ಲದೆ ಸೋತದ್ದು ಜೀವನದಲ್ಲಿ ಅದೇ ಮೊದಲು. ಸೋಲು ಅಷ್ಟು ಚಂದ ಇರುತ್ತದೆ ಎಂದು ಯಾವ ತೀರ್ಪುಗಾರನೂ ನನಗೆ ಹೇಳಿರಲಿಲ್ಲ.

ಹೈದರಾಬಾದಿನಲ್ಲಿ ಇಳಿದು, ಸುತ್ತು ಹಾಕಿ, ಮತ್ತೆ ಅದೇ ವಿಮಾನದ ಬಾಗಿಲಿಗೆ ಬಂದೆ. ಟವೆಲ್ ತರುಣಿ ಗಾಬರಿಯಾಗಿ "ಏನಾದರೂ ಬಿಟ್ಟು ಹೋಗಿದ್ದಿರಾ ಮೇಡಂ?" ಎಂದು ಹಿಂದಿಯಲ್ಲಿ ಕೇಳಿದಳು. "ಇಲ್ಲ, ತಿರುಗಿ ಹೋಗುತ್ತಿದ್ದೇನೆ" ಎಂದೆ. ಹೈದರಾಬಾದ್ ಅಷ್ಟು ಬೇಗ ಬೇಸರ ತಂದಿತೇ ಎಂಬಂತೆ ನನ್ನನ್ನು ನೋಡಿದಳು. ಎರಡು ಮುಗಿಯಿತು, ನಾಲ್ಕು ಬಾಕಿ.

ಇಲ್ಲಿ ನನ್ನ ಹೆಸರಿನ ವಿಷಯ ಹೇಳಬೇಕು. ನಮ್ಮಲ್ಲಿ ಮದುವೆಯ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ ಬೆರಳಿನಿಂದ ಬರೆಯುತ್ತಾರೆ. ತವರಿನಲ್ಲಿ ನಾನು ಸುಜಾತಾ. ಅಕ್ಕಿಯ ತಾಟು ಎದುರಿಗೆ ಬಂದಾಗ ನಾನು 'ಹೆಸರು ಬದಲಿಸುವ ಪದ್ಧತಿ ಅಗತ್ಯವೇ' ಎಂಬ ವಿಷಯದ ಮೇಲೆ ವಿರೋಧವಾಗಿ ಮಾತಾಡಿದೆ, ಬಾಸಿಂಗ ಕಟ್ಟಿಕೊಂಡೇ. ಮುಹೂರ್ತ ಮೀರುವ ಹೊತ್ತಿಗೆ ರಾಜಿಯಾಯಿತು. ಸರ್ಟಿಫಿಕೇಟುಗಳಲ್ಲಿ ಸುಜಾತಾ, ಮನೆಯಲ್ಲಿ ಆಯಿ ಇಟ್ಟ ಹೆಸರು. ಆಯಿ ಇಟ್ಟದ್ದು ಹೊಳೆಯ ಹೆಸರು, ಕೃಷ್ಣಾ.

"ಊರ ನುಂಗಿದ ಹೊಳಿ ಹೆಸರ ಯಾಕ ಆಯಿ?" ಎಂದು ಕೇಳಿದ್ದೆ.

"ನುಂಗೂಕಿಂತ ಮದಲ ಎಷ್ಟ ವರ್ಷ ನೀರ ಕುಡಿಸೇತಿ, ಅದನ್ಯಾರ ಎಣಿಸ್ಯಾರ?" ಎಂದಿದ್ದಳು.

ಮತದಾರರ ಪಟ್ಟಿಯವರು ಮನೆಗೆ ಬಂದಾಗ ಬಾಗಿಲು ತೆರೆದದ್ದು ಆಯಿ. ಹಾಗಾಗಿ ವೋಟರ್ ಕಾರ್ಡಿನಲ್ಲೂ ನಾನು ಕೃಷ್ಣಾ.

ಎರಡನೇ ಪ್ರಯಾಣದ ಹೋಗಿಬರುವ ಟಿಕೆಟನ್ನು ನಮ್ಮವರು ಜಮಖಂಡಿಯ ಟ್ರಾವೆಲ್ಸಿನವನ ಹತ್ತಿರ ಮಾಡಿಸಿದರು. ಗುರುತಿಗೆ ಕೈಗೆ ಸಿಕ್ಕ ವೋಟರ್ ಕಾರ್ಡಿನ ಝೆರಾಕ್ಸ್ ಕೊಟ್ಟರು. ಟ್ರಾವೆಲ್ಸಿನವನು ಕೃಷ್ಣಾ ಎಂಬ ಹೆಸರು ನೋಡಿದ, ಫೋಟೋ ನೋಡಲಿಲ್ಲ. ಮುಂದೆ 'ಮಿಸ್ಟರ್' ಎಂದು ಸೇರಿಸಿದ.

ನಾನು ಟಿಕೆಟ್ ನೋಡಿ ನಕ್ಕೆ. "ಇರ್ಲಿ ಬಿಡ್ರಿ. ಹೆಸರ ಯಾವದಾದರೇನ, ಹಾರಾಕಿ ನಾನಽ ಅಲ್ಲೇನ?" ಈ ವಾಕ್ಯವನ್ನು ಮುಂದೆ ಹಲವು ಸಲ ನೆನೆಸಿಕೊಂಡಿದ್ದೇನೆ.

ಗೋವಾದ ಕೌಂಟರಿನ ಹುಡುಗಿ ಕಾರ್ಡನ್ನೂ ನನ್ನನ್ನೂ ನೋಡಿ ಒಳಗೆ ಬಿಟ್ಟಳು. ಆದರೆ ಅವಳ ಕಂಪ್ಯೂಟರಿನಲ್ಲಿ ಮೈಲಿ ಯೋಜನೆಗೆ ಸೇರಿದ ಕೃಷ್ಣಾ ಎಂಬ ಸದಸ್ಯರಿರಲಿಲ್ಲ. "ಈಗಲೇ ಮಾಡಿಕೊಡುತ್ತೇನೆ, ಉಚಿತ" ಎಂದಳು. ಪರ್ಸಿನಲ್ಲಿ ಮೊದಲ ಪ್ರಯಾಣದಲ್ಲಿ ಮಾಡಿಸಿದ ಸುಜಾತಾಳ ಸದಸ್ಯ ಕಾರ್ಡು ಇದ್ದೇ ಇತ್ತು. ಆದರೂ ನಾನು ಹೂಂ ಎಂದೆ. ಒಂದಕ್ಕಿಂತ ಎರಡು ಹೆಚ್ಚು ಎಂಬುದು ಯಾವ ಚರ್ಚೆಯಲ್ಲೂ ಬಿದ್ದುಹೋಗದ ಸತ್ಯ. ಬ್ಯಾಗಿಗೆ ಕಟ್ಟುವ ಒಂದು ಕೆಂಪು ಚೀಟಿ ಬೇರೆ ಕೊಟ್ಟರು. ವಿಮಾನದೊಳಗೆ ಟವೆಲ್ ತರುಣಿ ಪಟ್ಟಿ ನೋಡಿ "ಸುಸ್ವಾಗತ, ಮಿಸ್ಟರ್ ಕೃಷ್ಣ" ಎಂದು ನನ್ನ ಬೆನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಕತ್ತು ಚಾಚಿದಳು. ಯಾರೂ ಬರಲಿಲ್ಲ.

ಮೂರನೇ ಪ್ರಯಾಣಕ್ಕೆ ನಾನೇ ಟಿಕೆಟ್ ಮಾಡಿಸಿದೆ, ಸುಜಾತಾ ಎಂದು. ಆರು ಮುಗಿಯಿತು. ಆಯಿ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ಬಿಸಿಲಿಗೆ ಹಾಕಿದಳು. ಓಣಿಯವರಿಗೆಲ್ಲ "ನಮ್ಮ ಕೃಷ್ಣಿ ನನಗ ಮ್ಯಾಲಿಂದ ಊರ ತೋರಸ್ತಾಳ" ಎಂದು ಹೇಳಿ ಬಂದಳು. ನಾನು ಜಮಖಂಡಿಯ ಇಂಟರ್‌ನೆಟ್ ಸೆಂಟರಿಗೆ ಬಿಟ್ಟಿ ಟಿಕೆಟ್ ತೆಗೆಯಲು ಹೋದೆ.

ಸುಜಾತಾ: ನಾಲ್ಕು ಸಲ. ಕೃಷ್ಣಾ: ಎರಡು ಸಲ. ಬಿಟ್ಟಿ ಟಿಕೆಟ್: ಇಬ್ಬರಿಗೂ ಇಲ್ಲ.

ಕಂಪನಿಗೆ ಫೋನ್ ಮಾಡಿದೆ. ಬೆಂಗಳೂರಿನ ಕನ್ನಡದಲ್ಲಿ ಒಬ್ಬಳು ಬಹಳ ಮೃದುವಾಗಿ ಮಾತಾಡಿದಳು.

"ಮೇಡಂ, ಕೃಷ್ಣ ಅವರ ಮೈಲಿಗಳನ್ನ ಅವರೇ ಕೇಳಬೇಕಾಗುತ್ತೆ."

"ನಾನೇ ಕೃಷ್ಣಾ."

"ಈಗ ತಾನೇ ಸುಜಾತಾ ಅಂದ್ರಲ್ಲ ಮೇಡಂ. ದಯವಿಟ್ಟು ಅವರಿಗೆ ಫೋನ್ ಕೊಡಿ."

ಫೋನನ್ನು ಬಲಗಿವಿಯಿಂದ ಎಡಗಿವಿಗೆ ಬದಲಿಸಿ, ಗಂಟಲು ಸರಿಮಾಡಿಕೊಂಡು "ಹಲೋ" ಎಂದೆ.

"ಮೇಡಂ, ನೀವೇ ಮಾತಾಡ್ತಿದೀರಿ."

"ಅದನ್ನೇ ಅಲ್ಲವೇ ನಾನು ಆಗಿನಿಂದ ಹೇಳುತ್ತಿರುವುದು?"

ಆ ಕಡೆಯಿಂದ ಕೀಲಿಮಣೆಯ ಟಕಟಕ ಕೇಳಿತು. ಗೆದ್ದೆ ಎಂದುಕೊಂಡೆ. ಆದರೆ ಅವಳು ಪರಿಹಾರ ಹುಡುಕುತ್ತಿದ್ದಳು. ಗಂಡ ಹೆಂಡತಿ ಇಬ್ಬರ ಮೈಲಿಗಳನ್ನು ಕೂಡಿಸಲು ನಿಯಮವಿದೆಯಂತೆ. "ನಿಮ್ಮದೂ ಕೃಷ್ಣ ಅವರದೂ ಮದುವೆ ಸರ್ಟಿಫಿಕೇಟ್ ಕಳಿಸಿಕೊಡಿ ಮೇಡಂ, ಆಗಿಬಿಡುತ್ತೆ."

ಮನೆಗೆ ಬಂದು ಹೇಳಿದೆ. ನಮ್ಮವರು ಎರಡನೇ ಸಲ ಪವರ್‌ಲೂಮ್ ನಿಲ್ಲಿಸಿದರು.

"ನಿಂದೂ ಕೃಷ್ಣಾಂದೂ ಲಗ್ನ ಆಗಿದ್ದರ, ನಾ ಯಾರು?"

ವಕೀಲೆ ನಾನು. ಹೆದರಲಿಲ್ಲ. ಹಿರಿಯ ವಕೀಲರ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿದೆ: ಸುಜಾತಾ ಎಂಬವಳೂ ಕೃಷ್ಣಾ ಎಂಬವಳೂ ಒಬ್ಬಳೇ ವ್ಯಕ್ತಿಯಾಗಿದ್ದು, ಸದರಿ ವ್ಯಕ್ತಿ ನಾನೇ ಆಗಿದ್ದೇನೆ. ಹಿರಿಯರು ಸಹಿ ಮಾಡುವ ಮೊದಲು ಕನ್ನಡಕದ ಮೇಲಿಂದ ನೋಡಿದರು. "ಏನವಾ, ಮಂದಿ ಕೇಸ ಗೆಲ್ಲಸಾಕಿ, ನೀ ನೀನಽ ಅನ್ನಾಕ ಸಾಕ್ಷಿ ತಂದಿಯಲ್ಲ?"

ಕಾಗದ ಹೋಯಿತು. ಉತ್ತರ ಬಂತು. ಅಫಿಡವಿಟ್ ಒಪ್ಪಿದ್ದರು. ಆದರೆ ಅಫಿಡವಿಟ್ಟಿನ ಪ್ರಕಾರ ನಾನು ಹೆಂಗಸು, ಅವರ ದಾಖಲೆಯ ಪ್ರಕಾರ ಕೃಷ್ಣ ಗಂಡಸು. ಆದ್ದರಿಂದ ಸದರಿ ಕೃಷ್ಣ ಬೇರೆ ಇರಬೇಕು. ಆ ಬೇರೆ ಕೃಷ್ಣನನ್ನು ಹುಡುಕಿ ಸಹಿ ಹಾಕಿಸಬೇಕು. ಈ ತರ್ಕದಲ್ಲಿಯೂ ತೂತು ಇರಲಿಲ್ಲ. ಎದುರಾಳಿಯಾಗಿದ್ದರೆ ಎದ್ದು ಕೈಕುಲುಕುತ್ತಿದ್ದೆ. ಟ್ರಾವೆಲ್ಸಿನವನಿಂದ ತಪ್ಪೊಪ್ಪಿಗೆ ಬರೆಸಿ ಕಳಿಸುವಷ್ಟರಲ್ಲಿ ಮಾರ್ಚ್ ಮುಗಿಯಿತು. ಯೋಜನೆಯೂ ಮುಗಿಯಿತು.

ಆಯಿಗೆ ಹೇಳುವುದು ಬಾಕಿ ಇತ್ತು. ಪಂಚ ತೀರ್ಪುಗಾರರ ಎದುರು ನಡುಗದವಳು ಕಟ್ಟೆಯ ಮೇಲೆ ಕೂತ ಒಬ್ಬ ಮುದುಕಿಯ ಮುಂದೆ ನಿಂತು ತಡವರಿಸಿದೆ. ಆಯಿ ಬೈಯಲಿಲ್ಲ. ಅಡಿಕೆ ಕತ್ತರಿಸುತ್ತ ಕೇಳಿದಳು.

"ಹೋಗ್ಲಿ ಬಿಡ. ನೀ ನೋಡೀಯಲ್ಲ. ಹೆಂಗ ಕಂಡತು ಹೇಳ."

ಹೇಳಿದೆ. ಹಸಿ ಸೀರೆಯಂಥ ನೀರು, ತಳ ಕಾಣಲಿಲ್ಲ ಎಂಬುದು, ನೀರಿನೊಳಗೆ ನಡೆದುಹೋದ ಬಿಳಿ ರಸ್ತೆ. ಅಡಿಕೆ ಕತ್ತರಿಸುತ್ತಿದ್ದ ಅಡಕೊತ್ತು ನಿಂತಿತು.

"ಬೀರಪ್ಪನ ಗುಡಿ ಹಾದಿ ಅದು" ಎಂದಳು. "ಅದರ ಮ್ಯಾಲ ನಾ ಮದಲಗಿತ್ತಿಯಾಗಿ ಬಂದೆ, ಎತ್ತಿನ ಚಕ್ಕಡ್ಯಾಗ. ಇನ್ನೂ ಐತೇನು?"

"ಐತಿ ಆಯಿ. ಖರೇನ ಐತಿ."

ಒಳಗೆ ಮಗ್ಗದ ಸದ್ದೂ ನಿಂತಿತ್ತು. ನಮ್ಮವರು ಬಾಗಿಲಿಗೆ ಬಂದು ನಿಂತಿದ್ದರು. ಆಮೇಲೆ ಆಯಿ ಕೇಳಿದಳು.

"ನೀ ಕಿಡಕ್ಯಾಗ ಕುಂತಿದ್ದಿ. ನಿನ್ನ ಬಾಜೂಕ ಯಾರ ಕುಂತಿದ್ದರು?"

"ಯಾರೂ ಇದ್ದಿಲ್ಲ ಆಯಿ. ಖಾಲಿ ಇತ್ತು."

"ಆರೂ ಸಲ?"

"ಆರೂ ಸಲ."

ಆಯಿ ಅಡಿಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಸಾವಕಾಶ ಅಗಿದಳು. ಅವಳ ದನಿಯಲ್ಲಿ ವ್ಯಂಗ್ಯ ಇರಲಿಲ್ಲ, ನಿಜವಾದ ಕುತೂಹಲವಿತ್ತು.

"ಹಂಗಾರ ಬಿಟ್ಟಿದು ಯಾಕ ಬೇಕಿತ್ತಬೇ? ನೀ ಒಬ್ಬಾಕಿ ಆರ ಸಲ ಹಾರೂ ಬದಲಿ, ಇಬ್ಬರೂ ಕೂಡಿ ಒಮ್ಮೆ ಹೋಗಿ ಬಂದಿದ್ದರ ನಾಕ ಟಿಕೀಟಿನ್ಯಾಗ ಆಗತಿತ್ತಲ್ಲ? ಇನ್ನೂ ಎರಡ ಉಳೀತಿದ್ದೂವು."

ಮನಸ್ಸಿನಲ್ಲಿ ಜಾಹೀರಾತಿನ ಸಣ್ಣಕ್ಷರಗಳನ್ನು ನಾಲ್ಕನೆಯ ಸಲ ಓದಿದೆ. ಎಲ್ಲಿಯೂ ಇದನ್ನು ಬರೆದಿರಲಿಲ್ಲ.

ಬಾಗಿಲಲ್ಲಿ ನಿಂತ ನಮ್ಮವರು ಬಹಳ ಮರ್ಯಾದೆಯಿಂದ ಕೇಳಿದರು. "ವಕೀಲರು ಇದಕ್ಕೇನಂತೀರಿ?"

ಪ್ರತಿವಾದ ಮಂಡಿಸಲು ಎದ್ದು ನಿಂತೆ. ಸೆರಗು ಸರಿಮಾಡಿಕೊಂಡೆ. ಗಂಟಲನ್ನೂ ಸರಿಮಾಡಿಕೊಂಡೆ.

"ಚಹಾ ಯಾರ್‍ಯಾರಿಗೆ ಬೇಕು?" ಎಂದೆ.

ಇಬ್ಬರೂ ಕೈ ಎತ್ತಿದರು. ಆ ಮನೆಯಲ್ಲಿ ನನ್ನ ಮಾತಿಗೆ ಸರ್ವಾನುಮತ ಸಿಕ್ಕಿದ್ದು ಅದೇ ಮೊದಲು.