ಎಲ್ಲಾ ಎರಡೆರಡು ಇಡೂ ವೈನಿ

ನಮ್ಮ ವೈನಿ ಒಬ್ಬ ದೇವರನ್ನ ನಂಬೂದಿಲ್ಲ. ನಾಸ್ತಿಕರಲ್ಲರಿ ಮತ್ತ! ಯಾವ ಹರಕಿ ಇದ್ರೂ ಇಬ್ಬರು ದೇವರಿಗೆ ಹೊರ್ತಾರ. ಒಬ್ಬಾಂವ ಮಲಗಿದ್ರ ಇನ್ನೊಬ್ಬಾಂವ ಎಚ್ಚರ ಇರ್ಲಿ ಅಂತ!

ತಪ್ಪು ಅವರದಲ್ಲ, ನೌಕರೀದು. ವೈನಿ, ಅಂದ್ರ ನಮ್ಮಣ್ಣನ ಹೆಂಡತಿ, ಒಂದು ದೊಡ್ಡ ಆನ್‌ಲೈನ್ ಅಂಗಡಿಗೆ ಹಿರಿಯ ಇಂಜಿನಿಯರು. ಸೊಲ್ಲಾಪುರದ ನಮ್ಮನಿ ಮ್ಯಾಲಿನ ಖೋಲ್ಯಾಗ ಕೂತು, ಲಕ್ಷಾಂತರ ಮಂದಿ ಒಮ್ಮೆಲೇ ಮೊಬೈಲ್ ಒತ್ತಿದ್ರೂ ಅಂಗಡಿ ಬಂದ್ ಬೀಳದಂಗ ಕಾಯ್ತಾರ. ಒಂದು ಮಷೀನು ಕೆಟ್ರ ಇನ್ನೊಂದು ತಯಾರ ಇರಬೇಕಂತ. ಆ ಚಟ ಅಡಗಿಮನಿಗೂ ಇಳೀತು. ಎರಡು ಲೈಟರು, ಎರಡು ಲಟ್ಟಣಗಿ, ಶೇಂಗಾ ಚಟ್ನಿ ಎರಡು ಡಬ್ಬಿ. ರವಿವಾರ ಬಂತೋ, ಹೇಳದ ಕೇಳದ ಮೇನ್ ಸ್ವಿಚ್ ಬಂದ್! ಇನ್ವರ್ಟರ್ ಏಳ್ತದೋ ಇಲ್ಲೋ ನೋಡಾಕ.

"ಸೀರಿಯಲ್ ನಡುವ ಪರೀಕ್ಷಾ ಯಾಕವ್ವಾ?" ಅಂತ ಅವ್ವ ಒದರಿದ್ರ, "ಕರೆಂಟ್ ನಿಮ್ಮನ್ನ ಕೇಳಿ ಹೋಗ್ತದೇನ್ರಿ ಅತ್ತಿ?" ಅಂತಾರ.

ಇನ್ನೊಂದು ಹುಚ್ಚು ಕೇಳ್ರಿ. ಹಾಲು ಉಕ್ಕಿದ್ರ ನಮ್ಮನ್ಯಾಗ ಮೊದಲ್ನೇ ಪ್ರಶ್ನಿ, "ಯಾರು?" ವೈನಿ ಬಾಯಾಗ ಆ ಶಬ್ದನ ಇಲ್ಲ! "ಯಾರು ಅನ್ನೂದು ಬ್ಯಾಡ, ಹ್ಯಾಂಗಾತು ಹೇಳ್ರಿ" ಅಂತ ಪೆನ್ನು ಹಿಡೀತಾರ. ಹಾಲು ಒಲಿ ಮ್ಯಾಲ, ಫೋನು ಪಡಸಾಲ್ಯಾಗ ಚಾರ್ಜಿಗೆ, ಅದಕ್ಕ ಉಕ್ಕೇದ ಅಂತ ಚೀಟಿ ಬರ್ದು ಫ್ರಿಜ್ಜಿಗೆ ಅಂಟಿಸಿ, ಚಾರ್ಜರ್ ಅಡಗಿಮನಿಗೆ ತಂದ್ರು. ಆಫೀಸ್ನ್ಯಾಗೂ ಹಂಗ ಅಂತ. ಬೈಯಾಕ ಬರದವರು ಎಂಥಾ ಸಾಹೇಬರು ಅಂತ ನಾ ನಗತಿದ್ದೆ.

ನಕ್ಕಿದ್ದು ಆ ಗುರುವಾರದ ತನಕ. ಅಪ್ಪಗ ಈಗೀಗ ಮರವು. ಮನಿ ಯಾವ ಓಣ್ಯಾಗದ ಅನ್ನೂದೂ ಮರೀತಾನ. ಅವನ್ನ ನಾ ಒಬ್ಬಾಕೀನ ಅಕ್ಕಲಕೋಟಿಗೆ ದರ್ಶನಕ್ಕ ಕರ್ಕೊಂಡು ಹೋದೆ. ಕಾಯಿ ತಗೊಳ್ಳಾಕ ಒಂದು ಗಳಿಗಿ ಕೈ ಬಿಟ್ಟೆ. ತಿರುಗಿ ನೋಡ್ತೀನಿ, ಅಪ್ಪ ಇಲ್ಲ! ಎರಡು ತಾಸು ಗದ್ದಲದಾಗ ಅಳಕೋತ ಹುಡುಕಿದೆ. ಕಡೀಕ ಎಸ್‌ಟಿ ಬಸ್ ಸ್ಟ್ಯಾಂಡಿನ್ಯಾಗ ಸಿಕ್ಕ. "ಎಲ್ಲಿ ಹೋಗಿದ್ದಿ? ಆವಾಗಿಂದ ನಿನ್ನ ಹುಡುಕಾಕತ್ತೀನಿ!" ಅಂತ ನನಗ ಬೈದ.

ಮನಿಗೆ ಬಂದ್ರ ಅಣ್ಣಂದು, ಅವ್ವಂದು ಒಂದ ಮಾತು: "ಕೈ ಬಿಟ್ಟವರು ಯಾರು?" ನನಗ ಭೂಮಿ ಬಾಯಿ ತೆರೀಬಾರದೇನು ಅನಿಸ್ತು. ವೈನಿ ಬಾಜೂಕ ಬಂದು ಕೂತು, "ಹ್ಯಾಂಗಾತು ಹೇಳವ್ವಾ" ಅಂದ್ರು. ಎಲ್ಲಾ ಹೇಳಿದೆ.

ಮರುದಿನ ಫ್ರಿಜ್ಜಿನ ಮ್ಯಾಲ ಹೊಸಾ ಚೀಟಿ. ಅಂಜಿಕೋತ ನನ್ನ ಹೆಸರು ಹುಡುಕಿದೆ. ಇರ್ಲಿಲ್ಲ. "ಎಲ್ಲಾರೂ ಸೇರಿ ಒಂದ ಕೈ ಮ್ಯಾಲ ಭಾರ ಹಾಕಿದ್ವಿ. ಇನ್ನ ಎರಡು ಕೈ" ಅಂತ ಬರ್ದಿದ್ರು.

ಮುಂದಿನ ಗುರುವಾರ ವೈನಿ ರಜಾ ಹಾಕಿ ನಮ್ಮ ಜೋಡಿ ಬಂದ್ರು. ಅಪ್ಪನ ಬಲಗೈ ಅವರು ಹಿಡದ್ರು, ಎಡಗೈ ನಾನು. "ನಾ ಏನು ಕೂಸೇನು?" ಅಂತ ಅಪ್ಪ ಗೊಣಗಿಕೋತ ನಡುವ ನಡದ. ಅದ ಕಾಯಿ ಅಂಗಡಿ ಬಂತು. ನನ್ನ ಕಾಲು ಅಲ್ಲೇ ನಿಂತ್ವು. ಹಿಡದ ಬೆರಳು ಬಿಡವಲ್ಲವು.

ವೈನಿ ನೋಡಿದ್ರು. "ಹೋಗಿ ಬಾ. ಕೈ ಬಿಡು, ನಾ ಹಿಡದೀನಿ" ಅಂದ್ರು.