ಕಮಾನು ಹಿಡಿದ ಬಿಗಿ ಕೈಗಳು

ಪಿಟೀಲು ಕಲಿಸುವವನ ಮನೆಗೆ ನಗು ಹೇಳಿ ಕಳಿಸಿ ಬರುವುದಲ್ಲ. ಚಪ್ಪಲಿ ಕಳಚಿ ವಿದ್ಯಾರ್ಥಿಗಳ ಜೊತೆಗೇ ಒಳಗೆ ಬರುತ್ತದೆ. ದೇರೆಬೈಲಿನ ನಮ್ಮ ಮನೆಯಲ್ಲಿ ಸಂಜೆ ದೇವರಿಗೆ ದೀಪ ಇಟ್ಟ ಮೇಲೆ ನನ್ನ ಪಾಠ. ಬರುವವರೆಲ್ಲ ಹೊಸಬರು, ಹೆಚ್ಚಿನವರು ತಲೆ ನರೆತವರು. ಅವರಿಗೆ ನಾನು ಮೊದಲು ಹೇಳುವುದು ಒಂದೇ: ಕಮಾನು ಹಿಡಿದ ಕೈ ಸಡಿಲ ಬಿಡಿ.

ಹಾಗೆ ಹೇಳಲು ಕಾರಣ ಉಂಟು. ಊರಿನ ಶಾಲೆ ಬಿಟ್ಟ ಮೇಲೆ ನಾನು ಪಾಠಕ್ಕೆ ಹೋಗುತ್ತಿದ್ದ ಗುರುಗಳು ಷಡ್ಜ ಎಳೆದರೆ, ಕಮಾನು ಎಲ್ಲಿ ಮುಗಿಯಿತು, ಎಲ್ಲಿ ತಿರುಗಿತು ಎಂದು ಗೊತ್ತಾಗುತ್ತಿರಲಿಲ್ಲ. ದೀಪಕ್ಕೆ ಎಣ್ಣೆ ಹೊಯ್ದ ಹಾಗೆ ಒಂದೇ ಧಾರೆ. ಅವರು ತೀರಿಕೊಂಡು ಬಹಳ ಕಾಲವಾಯಿತು. ಆ ನಾದವನ್ನು ಯಾರೂ ರೆಕಾರ್ಡ್ ಮಾಡಿಡಲಿಲ್ಲ. ನನ್ನ ಕೈಗೂ ಅದು ಬರಲಿಲ್ಲ. ಯಾರ ಕೈಯಿಂದಲಾದರೂ ಸರಿ, ಇನ್ನೊಮ್ಮೆ ಕೇಳಬೇಕು. ನನಗಿರುವ ಆಸೆ ಅಷ್ಟೇ.

ತೀರ್ಥದ ಕೈ

ದೇವಸ್ಥಾನದ ಅರ್ಚಕರೊಬ್ಬರು ಕಲಿಯಲು ಬಂದರು. ಕಮಾನನ್ನು ಗಂಟಾಮಣಿಯ ಹಾಗೆ ಮುಷ್ಟಿ ಬಿಗಿದು ಹಿಡಿದರು. ಅವರಿಗೆ ತಿಳಿಯುವ ಮಾತಿನಲ್ಲೇ ಹೇಳೋಣ ಎಂದು, "ಭಟ್ರೇ, ತೀರ್ಥ ತೆಗೆದುಕೊಳ್ಳುವಾಗ ಅಂಗೈ ಹೇಗೆ ಗುಳಿ ಮಾಡ್ತೇವೆ? ಹಾಗೆ, ಮೆತ್ತಗೆ" ಎಂದೆ.

"ಇಷ್ಟೆಯಾ?" ಎಂದರು. ಕೈ ಎಷ್ಟು ಚೆಂದ ಸಡಿಲವಾಯಿತು! ನಾನು ಹಿಗ್ಗಿದೆ. ಇವರಿಂದ ಆದೀತು ಎನಿಸಿತು. ಕಮಾನು ತುದಿಯವರೆಗೆ ಹೋಯಿತು, ಕೈ ಹಾಗೆಯೇ ಮೇಲೆದ್ದು ತಲೆ ಸವರಿತು.

"ಭಟ್ರೇ, ತಲೆಗೆ ಬೇಡ!"

"ತೀರ್ಥ ಅಂದ್ರಲ್ಲ ನೀವು! ಕೈ ಕೇಳುವುದಿಲ್ಲ ಮಾರಾಯ್ರೇ."

ಪ್ರತಿ ಎಳೆತಕ್ಕೂ ಒಂದು ಸಲ ತಲೆ ಸವರಿಯೇ ಕಮಾನು ತಂತಿಗೆ ಮರಳುತ್ತಿತ್ತು. ಪಾಠ ಮುಗಿಯುವಾಗ ಕಮಾನಿಗೆ ಹಚ್ಚಿದ ರಾಳವೆಲ್ಲ ಅವರ ಜುಟ್ಟಿನಲ್ಲಿತ್ತು.

ಸ್ಟಾಪ್ ಉಂಟು

ಇನ್ನೊಬ್ಬರು ಸಿಟಿ ಬಸ್ಸಿನ ಡ್ರೈವರ್. ಭುಜ ಸಡಿಲ, ಮಣಿಕಟ್ಟು ಸಡಿಲ, ಎಲ್ಲ ಸರಿ. ಆದರೆ ಕಮಾನಿನ ತುದಿ ಬಂದ ಕೂಡಲೇ ಗಕ್ಕನೆ ನಿಂತುಬಿಡುತ್ತಿದ್ದರು.

"ಅಲ್ಲಿ ನಿಲ್ಲಬೇಡಿ, ಹಾಗೇ ತಿರುಗಿಸಿ" ಎಂದೆ.

"ಎಂತ ಸರ್, ಸ್ಟಾಪ್ ಬಂದ್ರೆ ನಿಲ್ಲಿಸುವುದು ಬೇಡ್ವಾ?"

ಅವರ ಬಸ್ಸಿಗೆ ದಿನವೂ ಕೈ ತೋರಿಸಿ, ಅದರ ಹಿಂದೆ ಓಡುವವನು ನಾನು. ಅವರು ಸ್ಟಾಪಿನಲ್ಲಿ ಸರಿಯಾಗಿ ನಿಲ್ಲಿಸಿದ್ದನ್ನು ಕಂಡದ್ದು ನನ್ನ ಮನೆಯೊಳಗೆ ಮಾತ್ರ.

ಮಣ್ಣಿನ ಪಾತ್ರೆ

ಜೆಪ್ಪುವಿನಿಂದ ಬರುವವರು ಒಬ್ಬ ನರ್ಸ್. ಗಲ್ಫ್‌ನಲ್ಲಿ ದುಡಿದು, ನಿವೃತ್ತಿಯಾಗಿ ಊರಿಗೆ ಬಂದವರು. ಕೈ ಮರದ ಹಾಗೆ ಗಟ್ಟಿ.

"ಸೂಜಿ ಹಿಡಿದ ಕೈ ಸರ್. ಸಡಿಲ ಬಿಟ್ರೆ ಪೇಶೆಂಟ್ ಕೂಗ್ತಾರೆ."

"ಈಗ ಪಿಟೀಲು ಕೂಗ್ತಾ ಉಂಟಲ್ಲ ಸಿಸ್ಟರ್!"

ಒಂದು ಶನಿವಾರ ಅವರು ಮುಖ ಕೆಂಪು ಮಾಡಿಕೊಂಡೇ ಬಂದು ಕೂತರು. ಕಮಾನು ಎಳೆಯುತ್ತಲೇ ಶುರು ಮಾಡಿದರು: "ನಾದಿನಿ ನನ್ನ ಮೀನು ಸಾರಿನ ಮಣ್ಣಿನ ಪಾತ್ರೆ ಕೊಂಡುಹೋದಳು ಸರ್. ಎಷ್ಟು ವರ್ಷದಿಂದ ಪಳಗಿದ ಪಾತ್ರೆ! ಸೋಪು ಹಾಕಿ ತಿಕ್ಕಿ ತಂದಿದ್ದಾಳೆ! ಸೋಪು!"

ಮಾತು ನಾದಿನಿಯ ಮೇಲಿತ್ತು. ಕೈಯನ್ನು ಅವರು ಮರೆತೇಬಿಟ್ಟಿದ್ದರು. ಕಮಾನು ಹೋಯಿತು, ತಿರುಗಿತು. ಎಲ್ಲಿ ಎಂದು ನನಗೆ ಗೊತ್ತಾಗಲಿಲ್ಲ. ಅದೇ ಧಾರೆ. ನನ್ನ ಕಣ್ಣು ತುಂಬಿತು.

"ಸಿಸ್ಟರ್, ಇನ್ನೊಮ್ಮೆ!"

"ಎಂತ ಇನ್ನೊಮ್ಮೆ?" ಎಂದು ಅವರು ತಮ್ಮ ಕೈ ನೋಡಿಕೊಂಡರು. ಕೈ ಮತ್ತೆ ಮರವಾಯಿತು.

ನಾನು ಮೆತ್ತಗೆ ಕೇಳಿದೆ: "ಅಲ್ಲ, ಆ ಪಾತ್ರೆ... ಒಳಗೂ ಸೋಪು ಹಾಕಿದ್ರಾ?"

"ಒಳಗೂ ಸರ್!" ಧಾರೆ ಮರಳಿ ಬಂತು.

ಅಲ್ಲಿಂದ ಪ್ರತಿ ಶನಿವಾರ ಸರಳೆ ವರಸೆಗಿಂತ ಮೊದಲು ನಾದಿನಿಯ ಸುದ್ದಿ. "ನೀವು ಪಿಟೀಲು ಕಲಿಸುವುದಾ, ಪಂಚಾಯ್ತಿ ಮಾಡುವುದಾ?" ಎಂದು ನನ್ನ ಹೆಂಡತಿ ಒಳಗಿನಿಂದ ಚುಚ್ಚುತ್ತಿದ್ದಳು. ಅವಳಿಗೆ ಹೇಳದ ಸಂಗತಿ ಒಂದಿತ್ತು: ಬೆಳಗ್ಗೆ ದೇವರ ಮುಂದೆ ಕೂತಾಗ, ಆ ಮನೆಯ ಜಗಳ ಇಷ್ಟು ಬೇಗ ಮುಗಿಸಬೇಡಪ್ಪಾ ಎಂದು ನಾನು ಕೈಮುಗಿಯುತ್ತಿದ್ದೆ.

ದೇವರು ಕೇಳಲಿಲ್ಲ. ಒಂದು ಶನಿವಾರ ಅವರು ನಗುತ್ತಾ ಬಂದರು. "ರಾಜಿ ಆಯ್ತು ಸರ್. ಅವಳು ಹೊಸ ಪಾತ್ರೆಯನ್ನೇ ತಂದುಕೊಟ್ಟಳು."

"ಒಳ್ಳೆಯದಾಯ್ತು" ಎಂದೆ, ಬಾಯಲ್ಲಿ. ಆ ದಿನ ಪಾಠವಿಡೀ ಕಮಾನು ಬಾಗಿಲಿನ ಕೀಲಿನ ಹಾಗೆ ಕಿರ್ರೆಂದಿತು. ಹೊರಡಲೆಂದು ಅವರು ಎದ್ದಾಗ ತಡೆಯಲಾಗಲಿಲ್ಲ.

"ಸಿಸ್ಟರ್, ನಿಮ್ಮ ಯಜಮಾನರಿಗೆ ತಂಗಿ ಅವರೊಬ್ಬರೇಯಾ?"

"ಇಲ್ಲ ಸರ್, ಇನ್ನೂ ಇಬ್ಬರು ದುಬೈಯಲ್ಲಿದ್ದಾರೆ. ಕ್ರಿಸ್ಮಸ್‌ಗೆ ಬಂದು ಒಂದು ತಿಂಗಳು ನಮ್ಮಲ್ಲೇ ಇರ್ತಾರೆ. ಯಾಕೆ?"

"ಸುಮ್ಮನೆ ಕೇಳಿದೆ" ಎಂದೆ.

ಮನೆಯಲ್ಲಿ ಈಗ ಹೆಂಡತಿಗೆ ಒಂದೇ ಆಶ್ಚರ್ಯ: ಏಕಾದಶಿ ಯಾವತ್ತು ಎಂದು ಮಾತ್ರ ಪಂಚಾಂಗ ನೋಡುತ್ತಿದ್ದ ಈ ಮನುಷ್ಯ, ಕ್ರಿಸ್ಮಸ್‌ಗೆ ಇನ್ನೆಷ್ಟು ದಿನ ಎಂದು ದಿನವೂ ಯಾಕೆ ಕೇಳುತ್ತಾನೆ?