ನಲವತ್ತು ಕಂಪ್ಯೂಟರುಗಳ ಮೇಲೆ ಸಂಗನಬಸಪ್ಪನ ದಂಡಯಾತ್ರೆ

ಎಲೈ ಸಹೃದಯರಿರಾ, ಕಿವಿಗೊಡಿ! ಕೃತ, ತ್ರೇತಾ, ದ್ವಾಪರಗಳುರುಳಿ, ಪಾಸ್‌ವರ್ಡ್ ಮರೆತವನೇ ಪರಮದುಃಖಿಯೆನಿಸುವ ಈ ಕಲಿಯುಗದಲ್ಲಿ, ಗದಗ ಸೀಮೆಯ ಒಂದು ಮಹಿಳಾ ಪಾಲಿಟೆಕ್ನಿಕ್ಕಿನ ಲ್ಯಾಬನ್ನು ಆಳುತ್ತಿದ್ದವನು ವೈರಸ್‌ಕುಲಕುಠಾರ, ಕೀಲಿಮಣೆಕುಟ್ಟನಪ್ರಚಂಡ, ಪೆನ್‌ಡ್ರೈವ್‌ಧರ ಸಂಗನಬಸಪ್ಪ ಮುಗಳಿ. ತನ್ನ ಮೇಜಿನ ಕಂಪ್ಯೂಟರಿನಲ್ಲಿ ಆಪರೇಟಿಂಗ್ ಸಿಸ್ಟಂ ಸಿದ್ಧಪಡಿಸಿ, ಅದರ ಪಡಿಯಚ್ಚನ್ನು ಲ್ಯಾಬಿನ ನಲವತ್ತಕ್ಕೂ ಒಮ್ಮೆಲೇ ಇಳಿಸುವ ಮಹಾವಿದ್ಯೆ ಆ ವೀರನಿಗೆ ಕರಗತವಾಗಿತ್ತು. ಪರೀಕ್ಷೆಯ ಹಿಂದಿನ ದಿನ ಇಳಿಸಿಯೂ ಬಿಟ್ಟ.

ಮರುದಿನ ಒಂಬತ್ತಕ್ಕೆ ಬಂದು ನೋಡಿದರೆ, ಹರಹರಾ, ಒಂದಕ್ಕೂ ನೆಟ್‌ವರ್ಕಿಲ್ಲ! ನೆಟ್‌ವರ್ಕ್ ಕಾರ್ಡನ್ನು ಮಾತಾಡಿಸಬೇಕಾದ ಡ್ರೈವರೇ ಕೂತಿಲ್ಲ. ನಲವತ್ತು ಪರದೆಗಳಿಂದ ನಲವತ್ತು ಹಳದಿ ತ್ರಿಕೋನಗಳು ಅವನನ್ನು ಅಣಕಿಸಿದವು. ಹನ್ನೊಂದಕ್ಕೆ ಆನ್‌ಲೈನ್ ಪರೀಕ್ಷೆ. ತಪ್ಪಿದರೆ ನಲವತ್ತು ಹುಡುಗಿಯರು ವರ್ಷವಿಡೀ ಓದಿದ್ದು ನೀರಿನಲ್ಲಿ ಹೋಮ ಮಾಡಿದಂತೆ.

"ಆಗತೈತೋ ಇಲ್ಲೋ ಹೇಳ್ರಿ ಮುಗಳಿಯವರ," ಎಂದರು ಪ್ರಾಂಶುಪಾಲೆ ನಳಿನಿ ಮೇಡಂ.

ವೀರನು ಎದೆಯುಬ್ಬಿಸಿ ಗರ್ಜಿಸಿದ: "ಈ ಸಂಗನಬಸಪ್ಪನ ಪೆನ್‌ಡ್ರೈವಿನ್ಯಾಗ ಇರಲಾರದ ಡ್ರೈವರ್ ಈ ಭೂಮಿ ಮ್ಯಾಲ ಹುಟ್ಟಿಲ್ರೀ ಮೇಡಂ!"

ಬಳಿಕ ನಡೆದ ಘೋರಸಮರವನ್ನು ಏನೆಂದು ಬಣ್ಣಿಸಲಿ! ಡ್ರೈವರನ್ನು ಹಾಕಿದ, ತೆಗೆದ, ಮತ್ತೆ ಹಾಕಿದ. ಪ್ರತಿಸಲವೂ ಯಂತ್ರದ್ದು ಒಂದೇ ಉತ್ತರ, "ಈ ಸಾಧನಕ್ಕೆ ಹೊಂದುವುದಿಲ್ಲ." ಕೇಬಲ್ ಬೈದ, ಕರೆಂಟು ಬೈದ, ಕೊನೆಗೆ ಅಮಾವಾಸ್ಯೆಯನ್ನೂ ಬೈದ. ನಿಜ ಹೇಳುತ್ತೇನೆ, ನನಗೂ ಪಾಪ ಎನಿಸಿತು. ಗಡಿಯಾರ ಹತ್ತು ದಾಟಿತ್ತು.

ಆಗ ಕಸ ಹೊಡೆಯುವ ಶಾವಂತ್ರವ್ವ ಹಸಿಬಟ್ಟೆ ಹಿಡಿದು ಬಂದಳು. "ಸರ, ಕಂಪ್ಯೂಟರ ಡಬ್ಬಿ ಮ್ಯಾಲಿನ ನಂಬರ ನೋಡೀರೇನ್ರಿ?"

"ನೋಡದಽ ಬಿಟ್ಟೇನೇನವಾ? ಮಾಡೆಲ್ ಮುನ್ನೂರಾ ಹತ್ತು!"

ಅವಳು ಒಂದು ಡಬ್ಬಿಯ ನಂಬರು ಚೀಟಿಯ ಮೇಲೆ ಬಳಿದಿದ್ದ ವಿಭೂತಿಯನ್ನು ಒಮ್ಮೆ ಒರೆಸಿದಳು. ಒಂದರಂತೆ ಕಾಣುತ್ತಿದ್ದ ನಡುವಿನ ಅಂಕಿಗೆ ಅಡ್ಡಗೆರೆಯ ತಲೆ ಮೂಡಿತು. ಮುನ್ನೂರಾ ಎಪ್ಪತ್ತು!

"ಯಾವ ಮೂರ್ಖ ಇಷ್ಟು ದಪ್ಪ ಬಳದಾಂವ?"

"ನೀವಽ ಅಲ್ರೀ ಸರ, ದಸರಾದಾಗ ಖಂಡೆಪೂಜಿ ದಿನ. ಒಂದೂ ಬಿಡಬಾರದು ಅಂತ ನಿಂತು ಬಳದ್ರಿ."

ಮುನ್ನೂರಾ ಎಪ್ಪತ್ತರ ಡ್ರೈವರು ಪೆನ್‌ಡ್ರೈವಿನಲ್ಲೇ ಇತ್ತು. ಪಡಿಯಚ್ಚಿಗೆ ಅದನ್ನು ಸೇರಿಸಿ, ಡ್ರೈವರಿನ ಹಂಗಿಲ್ಲದ ನೆಟ್‌ವರ್ಕ್ ಬೂಟಿನಿಂದ ನಲವತ್ತಕ್ಕೂ ಮತ್ತೆ ಇಳಿಸಿದ. ಹನ್ನೊಂದಕ್ಕೆ ಎಂಟು ನಿಮಿಷವಿರುವಾಗ ನಲವತ್ತು ಹಸಿರು ದೀಪಗಳು ಮಿನುಗಿದವು, ಹುಡುಗಿಯರು ಓಡಿ ಬಂದು ಕೂತರು. ವೀರನು ವಿಜಯಭಾಷಣಕ್ಕೆಂದು ಗಂಟಲು ಸರಿಪಡಿಸಿಕೊಂಡ.

"ಸದ್ದು ಮಾಡಬ್ಯಾಡ್ರಿ, ಪರೀಕ್ಷಾ ನಡದೈತಿ," ಎಂದರು ಮೇಡಂ.

ಪರೀಕ್ಷೆ ಮುಗಿದ ಮೇಲೆ ಆ ವೈರಸ್‌ಕುಲಕುಠಾರನು ಉಳಿದ ಮೂವತ್ತೊಂಬತ್ತು ಡಬ್ಬಿಗಳ ವಿಭೂತಿಯನ್ನು ಒಬ್ಬನೇ ಕೂತು ಒರೆಸಿದ. ಶಾವಂತ್ರವ್ವ ಬಾಗಿಲಲ್ಲಿ ನಿಂತು, "ಮೂಲ್ಯಾಗ ಇನ್ನೂ ಸ್ವಲ್ಪ ಉಳದೈತ್ರಿ," ಎಂದಳು.